ನೊಯ್ಯಲ್ ದಂಡೆಯ ಎಲುಬುಗಳು: ಅಸ್ಥಿಗೃಹವನ್ನು ಕುರಿತು ಒಂದು ಆಶಯ ಭಾಷಣ

ಸತ್ತವರ ಎಲುಬುಗಳನ್ನು ಮೊದಲು ಇಟ್ಟ ಜಾಗದಿಂದ ಎತ್ತಿ ಮತ್ತೊಂದೆಡೆ ಕೂಡಿಡುವ ಕೋಣೆಗೆ ಅಸ್ಥಿಗೃಹವೆಂದು ಹೆಸರು. ಈ ಮಾತು ಬಂದ ಕೂಡಲೇ ವಿದ್ವಾಂಸರ ಕಣ್ಣು ಯುರೋಪಿನತ್ತ ಹೊರಳುವುದು ರೂಢಿ. 1786ರಿಂದ ಪ್ಯಾರಿಸ್ಸಿನ ತುಂಬಿ ತುಳುಕಿದ ಸ್ಮಶಾನಗಳ ಎಲುಬುಗಳನ್ನು ಹಳೆಯ ಕಲ್ಲುಗಣಿಗಳಿಗೆ ಸಾಗಿಸಿದ್ದನ್ನೂ, ಸೆಡ್ಲೆಟ್ಸ್‌ನ ಚರ್ಚಿನಲ್ಲಿ ರಿಂಟ್ ಎಂಬ ಮರಗೆಲಸದವನು 1870ರಲ್ಲಿ ಎಲುಬುಗಳಿಂದಲೇ ತೂಗುದೀಪ ಕಟ್ಟಿದ್ದನ್ನೂ ಹೇಳದೆ ಈ ವಿಷಯದ ಯಾವ ಗ್ರಂಥವೂ ಮೊದಲಾಗುವುದಿಲ್ಲ. ಕೊಯಮತ್ತೂರಿನಲ್ಲಿ ಸೇರಿರುವ ಈ ಗೋಷ್ಠಿ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಪೇರೂರು, ಸೂಲೂರು, ತಿರುಪ್ಪೂರುಗಳನ್ನು ದಾಟಿ, ಕೊಡುಮಣಲ್‌ನ ಪಕ್ಕದಲ್ಲಿ ಹರಿದು ಕಾವೇರಿಯನ್ನು ಸೇರುವ ನೊಯ್ಯಲ್ ನದಿಯ ದಂಡೆಯಲ್ಲಿಯೇ ಎಲುಬನ್ನು ಕೂಡಿಡುವ ಪದ್ಧತಿಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕ ಸಾಕ್ಷ್ಯವಿದೆ. ಆ ಸಾಕ್ಷ್ಯ ದೊರೆತ ಕೊಡುಮಣಲ್ ಇಂದು ಈರೋಡು ಜಿಲ್ಲೆಗೆ ಸೇರಿದೆಯೆಂದು ಆಕ್ಷೇಪಿಸುವವರಿಗೆ, ಆ ಜಿಲ್ಲೆ ಕೊಯಮತ್ತೂರಿನಿಂದ ಬೇರ್ಪಟ್ಟದ್ದು 1979ರಲ್ಲಿ ಎಂಬುದಷ್ಟೇ ಉತ್ತರ. ತಿರುಪ್ಪೂರಾದರೋ 2009ರವರೆಗೆ ಜಿಲ್ಲೆಯೇ ಆಗಿರಲಿಲ್ಲ.

ಇಲ್ಲಿನ ಕೆಲಸದ ಇತಿಹಾಸವನ್ನು ವಿಸ್ತರಿಸುವುದು, ಅದನ್ನು ಬರೆದವರೂ ಕಲಿಸಿದವರೂ ಎದುರಿಗೇ ಕುಳಿತಿರುವಾಗ, ಶಿಷ್ಟಾಚಾರವಾಗಲಾರದು. ನೀಲಗಿರಿಯ ಸ್ಮಾರಕಗಳನ್ನು ಕುರಿತ ಬ್ರೀಕ್ಸ್‌ನ ಗ್ರಂಥ 1873ರಲ್ಲಿಯೂ, ಕೊಯಮತ್ತೂರು ಜಿಲ್ಲೆಯ ಬೃಹತ್ ಶಿಲಾ ಸಮಾಧಿಗಳನ್ನು ಕುರಿತ ವಾಲ್‌ಹೌಸ್‌ನ ಲೇಖನ 1875ರಲ್ಲಿಯೂ ಹೊರಬಂದವು. ಕೊಡುಮಣಲ್‌ನಲ್ಲಿ 1985ರಿಂದ ನಡೆದ ಉತ್ಖನನಗಳೂ, ಅವುಗಳ ಸಂಬಂಧದಲ್ಲಿ ವೈ. ಸುಬ್ಬರಾಯಲು, ಕೆ. ರಾಜನ್ ಅವರು ಮಾಡಿದ ಕೆಲಸವೂ ಸಭೆಗೆ ತಿಳಿದದ್ದೇ. ಅವರೆಲ್ಲರ ಋಣವನ್ನು ಒಪ್ಪಿಕೊಂಡ ಮೇಲೆಯೇ ಈ ಭಾಷಣದ ಆಕ್ಷೇಪವನ್ನು ಮಂಡಿಸುವುದು ಉಚಿತ.

ಆಕ್ಷೇಪವಿಷ್ಟೆ: ನಮ್ಮ ಪುರಾತತ್ತ್ವ ಶಾಸ್ತ್ರವು ಗೋರಿಯನ್ನು ಅಗೆದು, ಗೋರಿಯೊಳಗಿನ ಮನುಷ್ಯನನ್ನು ಬಿಟ್ಟು, ಅವನ ಸಾಮಾನನ್ನು ಹೊತ್ತುಕೊಂಡು ಬಂದಿತು. ಕಪ್ಪು-ಕೆಂಪು ಮಡಕೆಯ ಅಂಚು ಎಷ್ಟು ಬಾಗಿದೆ, ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಮಣಿಗೆ ಹೇಗೆ ರಂಧ್ರ ಕೊರೆದಿದ್ದಾರೆ ಎಂಬುದಕ್ಕೆ ಪುಟಗಟ್ಟಲೆ ವಿವರಣೆ ದೊರೆಯುತ್ತದೆ. ಕೊಡುಮಣಲ್‌ನ ಒಂದೇ ಗೋರಿಯಲ್ಲಿ ಸಿಕ್ಕ ಎರಡು ಸಾವಿರಕ್ಕೂ ಮಿಕ್ಕ ಮಣಿಗಳು ಜಗತ್ತಿಗೆಲ್ಲ ಗೊತ್ತು. ದಕ್ಷಿಣದ ಬಹುಪಾಲು ವರದಿಗಳಲ್ಲಿ ಎಲುಬಿಗೆ ಮಾತ್ರ 'ಬಿಡಿಯಾದ ತುಣುಕುಗಳು' ಎಂಬ ಒಂದು ಸಾಲು. ಆದಿಚ್ಚನಲ್ಲೂರಿನಲ್ಲಿ ಅಲೆಕ್ಸಾಂಡರ್ ರೇ ತೆಗೆದ ತಲೆಬುರುಡೆಗಳನ್ನು ಕುರಿತು ಜುಕರ್‌ಮನ್ 1930ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದರೆಂಬುದು ನಿಜ. ಆದರೆ ಆ ಕಾಲದವರಿಗೆ ಬೇಕಾಗಿದ್ದುದು ಬುರುಡೆಯ ಅಳತೆಯಿಂದ ಜನಾಂಗವನ್ನು ಗುರುತಿಸುವುದೇ ಹೊರತು, ಆ ಬುರುಡೆಯನ್ನು ಅಲ್ಲಿ ಯಾರು, ಯಾವಾಗ, ಎಲ್ಲಿಂದ ತಂದಿಟ್ಟರು ಎಂಬುದಲ್ಲ.

ಬಿಡಿಸದೆ ಉಳಿದ ಪ್ರಶ್ನೆ ಇರುವುದು ಅಲ್ಲಿಯೇ. ನೆಲದಡಿಯಲ್ಲಿ ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದನ್ನು ಹೊದಿಸಿದ ಪೆಟ್ಟಿಗೆಯಂಥ ರಚನೆಗೆ ಕಲ್ಗೋರಿ ಎನ್ನಬಹುದು. ಅವುಗಳಲ್ಲಿ ಅನೇಕಕ್ಕೆ ಒಂದು ಚಪ್ಪಡಿಯಲ್ಲಿ ಕಂಡಿ ಕೊರೆದಿರುತ್ತದೆ. ಅದು ಆತ್ಮ ಹೊರಹೋಗುವ ದಾರಿಯೆಂದು ಪಾಠಪುಸ್ತಕಗಳು ಹೇಳುತ್ತ ಬಂದಿವೆ. ಆತ್ಮಕ್ಕೆ ಅಷ್ಟು ದೊಡ್ಡ ಕಂಡಿ ಏಕೆ ಬೇಕಾಯಿತೆಂದು ಕೇಳಿದವರು ಕಡಿಮೆ. ಕಂಡಿಯ ಮೂಲಕ ಇಡಿಯ ಹೆಣವನ್ನು ಒಳಸೇರಿಸುವುದು ಪ್ರಯಾಸದ ಕೆಲಸ, ಎಲುಬಿನ ಗಂಟನ್ನು ಇಡುವುದು ಸುಲಭ; ಬ್ರಹ್ಮಗಿರಿಯಲ್ಲಿ ಕಂಡಂತೆ ಅದಕ್ಕೆ ಹೊರಗಿನಿಂದ ಮುಚ್ಚುಗಲ್ಲನ್ನು ಆನಿಸಿದ್ದರೆ, ಅದನ್ನು ಮತ್ತೆ ತೆಗೆಯುವ ಉದ್ದೇಶವಿತ್ತೆಂದು ಊಹಿಸಲು ಅವಕಾಶವಿದೆ. ಚಿತ್ರದುರ್ಗ ಜಿಲ್ಲೆಯ ಅದೇ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆಸಿದ ವೀಲರ್, ಪಕ್ಕದ ಗುಂಡಿಗಳಲ್ಲಿ ಹೆಣವನ್ನು ತೆರೆದಿಟ್ಟು, ಮಾಂಸ ಕಳೆದ ಮೇಲೆ ಎಲುಬನ್ನು ಕಲ್ಗೋರಿಗೆ ಒಯ್ದಿರಬೇಕೆಂದು ಸೂಚಿಸಿದ್ದರು. ಆ ಸೂಚನೆ ತಪ್ಪೇ ಇರಬಹುದು, ಆದರೆ ಅದನ್ನು ಪರೀಕ್ಷಿಸದೆ ಕೈಬಿಟ್ಟದ್ದು ಇನ್ನೂ ದೊಡ್ಡ ತಪ್ಪು.

ಪರೀಕ್ಷೆ ಕಷ್ಟದ್ದೂ ಅಲ್ಲ. ವಯಸ್ಕ ಮನುಷ್ಯನ ದೇಹದ 206 ಎಲುಬುಗಳಲ್ಲಿ ಕೈಗಳಲ್ಲಿ 54, ಪಾದಗಳಲ್ಲಿ 52 ಸೇರಿ 106 ಎಲುಬುಗಳು, ಅಂದರೆ ಅರ್ಧಕ್ಕಿಂತ ಹೆಚ್ಚು, ಕೈಕಾಲುಗಳ ತುದಿಯಲ್ಲಿಯೇ ಇವೆ. ದೇಹ ಕೊಳೆಯುವಾಗ ಬೆರಳುಗಳ ಕೀಲುಗಳು ಬೇಗನೆ ಕಳಚಿಕೊಳ್ಳುವುದರಿಂದ, ಆಮೇಲೆ ಎಲುಬನ್ನು ಆಯ್ದು ಬೇರೆಡೆಗೆ ಒಯ್ಯುವವರು ಬುರುಡೆಯನ್ನೂ ತೊಡೆಯ ಎಲುಬನ್ನೂ ಎತ್ತಿಕೊಂಡು, ಕಡಲೆಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಮಣಿಕಟ್ಟಿನ ಎಲುಬನ್ನು ಬಿಟ್ಟುಬಿಡುತ್ತಾರೆ. ಗೋರಿಯಲ್ಲಿ ಸಣ್ಣ ಎಲುಬುಗಳೂ ತಮ್ಮ ತಮ್ಮ ಜಾಗದಲ್ಲಿ ಸಿಕ್ಕಿದರೆ ದೇಹ ಅಲ್ಲಿಯೇ ಕೊಳೆಯಿತೆಂದೂ, ಉದ್ದನೆಯ ಎಲುಬುಗಳಷ್ಟೇ ಒಟ್ಟಾಗಿ ಸಿಕ್ಕಿದರೆ ಅವು ಬೇರೆಡೆಯಿಂದ ಬಂದವೆಂದೂ ಬಹುಮಟ್ಟಿಗೆ ಹೇಳಬಹುದು. ಮಣ್ಣಿನ ಗುಣದಿಂದಲೂ ಸಣ್ಣ ಎಲುಬು ಕರಗುತ್ತದೆ ಎಂಬ ಎಚ್ಚರಿಕೆ ಬೇಕು. ಆದರೆ ಗೋರಿಯ ಮಣ್ಣನ್ನು ಜರಡಿ ಹಿಡಿಯದೆ ಕರಗಿತೆಂದು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ. ಮಣಿಯನ್ನು ಹುಡುಕಲು ಹಿಡಿದ ಜರಡಿಯಲ್ಲಿಯೇ ಬೆರಳಿನ ಎಲುಬೂ ನಿಲ್ಲುತ್ತದೆ.

ಜನರ ನಡವಳಿಕೆಯೂ ಈ ದಿಕ್ಕಿಗೇ ಕೈತೋರುತ್ತದೆ. ನೀಲಗಿರಿಯ ಕುರುಂಬರು ಹೆಣವನ್ನು ಸುಟ್ಟ ಮೇಲೆ ಒಂದು ಎಲುಬನ್ನೂ ಒಂದು ಗುಂಡುಗಲ್ಲನ್ನೂ 'ಸಾವುಮನೆ' ಎಂದು ಕರೆಯುವ ಹಳೆಯ ಕಲ್ಮನೆಯಲ್ಲಿ ಇಡುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದವರು ದಾಖಲಿಸಿದ್ದಾರೆ. ತೋಡರೂ ಕೋತರೂ ಮೊದಲ ಶವಸಂಸ್ಕಾರದ ಅವಶೇಷವನ್ನು ಎರಡನೆಯದಕ್ಕಾಗಿ ಕಾಯ್ದಿಡುತ್ತಿದ್ದರು. ಬೆಟ್ಟದ ಕೆಳಗೆ ಪೇರೂರಿನಲ್ಲಿ, ಆಡಿ ಅಮಾವಾಸ್ಯೆಯ ದಿನ ಎಳ್ಳು-ಪಿಂಡಗಳೊಡನೆ ಜನ ಸೇರುವ ನೊಯ್ಯಲ್‌ನ ಸ್ನಾನಘಟ್ಟವಿದೆ. ಪೇರೂರಿನ ಈ ಪಟ್ಟೀಶ್ವರ ಕ್ಷೇತ್ರದ್ದೆಂದು ಹೇಳುವ ಐದು ಅದ್ಭುತಗಳಲ್ಲಿ, ಸಾಯದ ತಾಳೆಮರ ಮತ್ತು ಮೊಳೆಯದ ಹುಣಿಸೆಯ ಜೊತೆಗೆ, ಇಲ್ಲಿಯ ನೀರಿನಲ್ಲಿ ಬಿಟ್ಟ ಅಸ್ಥಿ ಕಲ್ಲಾಗುತ್ತದೆ ಎಂಬುದೂ ಒಂದು. ಬೆಟ್ಟದ ಮೇಲೆ ಎಲುಬಿನ ಜೊತೆಗೆ ಕಲ್ಲು, ಬೆಟ್ಟದ ಕೆಳಗೆ ಎಲುಬೇ ಕಲ್ಲು: ಈ ಎರಡಕ್ಕೂ ಬೃಹತ್ ಶಿಲಾಕಾಲಕ್ಕೂ ನೇರ ಸಂಬಂಧವನ್ನು ಹೂಡುವುದು ದುಡುಕಾದೀತು, ಆದರೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡದಿರುವುದು ಸೋಮಾರಿತನ.

ಇಲ್ಲೊಂದು ಕಥೆಯನ್ನು ನೆನೆಯಬಹುದು. ತಮಿಳುನಾಡಿನ ಹಳ್ಳಿಗಳಲ್ಲಿ 'ಮುದುಮಕ್ಕಳ್ ತಾಳಿ' ಎನಿಸಿಕೊಂಡ ದೊಡ್ಡ ಮಡಕೆಗಳ ಬಗ್ಗೆ ಕೇಳಿದರೆ, ಹಿಂದಿನವರು ಸಾಯದೆ ಮುದುಡಿ ಮುದುಡಿ ಕೂಸಿನಷ್ಟಾಗುತ್ತಿದ್ದರೆಂದೂ, ಆಗ ಮನೆಯವರು ಅನ್ನ, ನೀರು, ದೀಪಗಳೊಡನೆ ಅವರನ್ನು ಮಡಕೆಯಲ್ಲಿ ಕೂರಿಸಿ ಹೂಳುತ್ತಿದ್ದರೆಂದೂ ಹಿರಿಯರು ಹೇಳುತ್ತಾರೆ. ವಿದ್ವಾಂಸರು ಇದನ್ನು ಕೇಳಿ ನಗುತ್ತಾರೆ. ಇಡಿಯ ಮನುಷ್ಯ ಆ ಮಡಕೆಯ ಬಾಯಿಯಲ್ಲಿ ಹೇಗೆ ಹಿಡಿದಾನು ಎಂಬ ಪ್ರಶ್ನೆಯನ್ನಾದರೂ ಹಳ್ಳಿಯವರು ಎತ್ತಿದ್ದರು. ನಕ್ಕವರು ಅದನ್ನೂ ಎತ್ತಲಿಲ್ಲ.

ಅಗೆದು ತೆಗೆದ ಎಲುಬುಗಳ ಪ್ರದರ್ಶನದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನಾಳೆಯ ಕಲಾಪ ಅದಕ್ಕೇ ಮೀಸಲು. ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಸಂಗ್ರಹಾಲಯ 2020ರಲ್ಲಿ ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆಯಿತು. ಆದಿಚ್ಚನಲ್ಲೂರಿನಲ್ಲಿ 2023ರಿಂದ ಅಗೆದ ಗುಂಡಿಯ ಮೇಲೆಯೇ ಗಾಜು ಹಾಸಿ ಇಂಥ ಶವದ ಮಡಕೆಗಳನ್ನು ಇದ್ದ ಹಾಗೆಯೇ ತೋರಿಸಲಾಗುತ್ತಿದೆ. ಎರಡನೆಯದನ್ನು ಅನಾಗರಿಕವೆನ್ನುವ ಅವಸರ ಬೇಡ. ಇದ್ದಲ್ಲಿಯೇ ತೋರಿಸಿದ ಎಲುಬು, ಸಂಗ್ರಹಾಲಯದ ಡ್ರಾಯರಿನಲ್ಲಿ ಸಂಖ್ಯೆ ಹೊತ್ತು ಮಲಗಿದ ಎಲುಬಿಗಿಂತ ಹೆಚ್ಚು ಹೇಳಬಲ್ಲದು, ಅದರ ಪಕ್ಕದಲ್ಲಿ ಸರಿಯಾದ ಫಲಕವಿದ್ದರೆ.

ಈ ಗೋಷ್ಠಿ ನಿರ್ಣಯವೊಂದನ್ನು ಅಂಗೀಕರಿಸುವುದಾದರೆ ಅದು ಇದಾಗಲಿ: ಕೊಯಮತ್ತೂರಿನ ಸುತ್ತಣ ಈ ಕೊಂಗುನಾಡಿನಲ್ಲಿ ಇನ್ನು ಮುಂದೆ ತೆರೆಯುವ ಪ್ರತಿಯೊಂದು ಗೋರಿಯ ಮಣ್ಣನ್ನೂ ಪೂರ್ತಿಯಾಗಿ ಜರಡಿ ಹಿಡಿಯಬೇಕು, ಯಾವ ಎಲುಬು ಇದೆ, ಯಾವುದು ಇಲ್ಲ, ಕನಿಷ್ಠ ಎಷ್ಟು ಜನರದ್ದು ಎಂಬುದನ್ನು ಮಣಿಗಳ ಪಟ್ಟಿಗಿಂತ ಮೊದಲು ಮುದ್ರಿಸಬೇಕು, ಆ ಪಟ್ಟಿಯಿಲ್ಲದ ಯಾವ ಎಲುಬನ್ನೂ ಗಾಜಿನ ಕೆಳಗೆ ಇಡಬಾರದು.