ಗಲ್ಲಿಗೆ ಬರುವ ಹಾಡು

ಡಿಸೆಂಬರ್ ಬಂತೆಂದರೆ ಬಾಂದ್ರಾದ ರಣವಾರ್, ಗಿರ್‌ಗಾಂವ್‌ನ ಖೋತಾಚಿವಾಡಿಯ ಕಿರಿದಾದ ಗಲ್ಲಿಗಳಲ್ಲಿ ನಕ್ಷತ್ರದ ಗೂಡುದೀಪಗಳು ತೂಗಾಡುತ್ತವೆ. ಮುಂಬಯಿಯ ಕ್ರಿಸ್‌ಮಸ್ ಮೆರವಣಿಗೆ ಎಂದರೆ ನನಗೆ ನೆನಪಾಗುವುದು ಗಿಟಾರ್ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವ ಕ್ಯಾರೊಲ್ ತಂಡ.

ಮಂಗಳೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳಿಂದ ಇನ್ನೊಂದು ಮೆರವಣಿಗೆ ಹೊರಡುತ್ತದೆ. ಅದು ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆಯದು. ಅದರಲ್ಲಿ ನೆವ್ರಿ, ಗುಳಿಯೊ, ಕಿಡ್ಯೊ. ಕಿಡ್ಯೊ ಮಾಡುವುದನ್ನು ಹತ್ತಿರ ಕೂತು ನೋಡಬೇಕು. ಹಿಟ್ಟಿನ ಪುಟ್ಟ ಉಂಡೆಯನ್ನು ಮುಳ್ಳುಚಮಚದ ಬೆನ್ನಿಗೆ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಒಂದೊಂದನ್ನೂ ಕೈಯಲ್ಲೇ, ಗಂಟೆಗಟ್ಟಲೆ. ಆಮೇಲೆ ಆ ತಟ್ಟೆ ಎದುರುಮನೆಗೆ, ಮೇಲಿನ ಮಹಡಿಗೆ, ದೀಪಾವಳಿಗೆ ಚಕ್ಕುಲಿ ಕೊಟ್ಟವರ ಮನೆಗೆ ಹೋಗುತ್ತದೆ.

ಈ ಸಲ ಆ ತಟ್ಟೆ ನಿಮ್ಮ ಬಾಗಿಲಿಗೂ ಬಂದರೆ, ತಂದವರನ್ನು ಒಳಗೆ ಕರೆದು ಕೂರಿಸಿ. ತಟ್ಟೆಯನ್ನು ಖಾಲಿ ಮರಳಿಸಬೇಡಿ.