ಸಣ್ಣಕಥೆಯಲ್ಲಿ ಮನಸ್ಸಿನ ತಳಮಳ

ಹೊರಮಾವು ಇಂದು ಬೆಂಗಳೂರಿನ ಒಂದು ಬಡಾವಣೆ. ಆದರೆ ಅದೂ, ಕೃಷ್ಣರಾಜಪುರದ ಆಸುಪಾಸಿನ ಇತರ ಊರುಗಳೂ ಬಹುಕಾಲ ಹಳ್ಳಿಗಳೇ ಆಗಿದ್ದುವು. ನಗರದ ಸುತ್ತಣ ಹಳ್ಳಿಗಳಿಂದ ಹೆಂಗಸರು ಬುಟ್ಟಿ ಹೊತ್ತು ಬಂದು, ಮನೆಮನೆಗೂ ವರ್ತನೆಯ ಮೊಸರನ್ನು ಅಳೆದುಕೊಟ್ಟು, ಹಾಗೆಯೇ ಕುಳಿತು ತಮ್ಮ ಸುಖದುಃಖಗಳನ್ನೂ ಹೇಳಿಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಅಂಥವಳೊಬ್ಬಳನ್ನು, ‘ಶ್ರೀನಿವಾಸ’ ಎಂಬ ಹೆಸರಿನಿಂದ ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಮೊಸರಿನ ಮಂಗಮ್ಮ’ ಎಂಬ ಕಥೆಯಲ್ಲಿ ಕನ್ನಡಿಗರಿಗೆಲ್ಲ ಪರಿಚಿತಳನ್ನಾಗಿ ಮಾಡಿದರು. ಮನಸ್ಸಿನ ತಳಮಳವನ್ನು ಸಣ್ಣಕಥೆಯು ಯಾವ ಉಪಾಯಗಳಿಂದ ಓದುಗರಿಗೆ ಮುಟ್ಟಿಸುತ್ತದೆಂಬುದನ್ನು ಈ ಕಥೆಯನ್ನೇ ಮುಂದಿಟ್ಟುಕೊಂಡು ವಿಚಾರಮಾಡೋಣ.

ನಮ್ಮ ಆಲಂಕಾರಿಕರಿಗೆ ಈ ಪ್ರಶ್ನೆ ಹೊಸದಲ್ಲ. ರಸವು ತನ್ನ ಹೆಸರನ್ನು ಹೇಳಿದ ಮಾತ್ರದಿಂದ ಹುಟ್ಟುವುದಿಲ್ಲ, ವಿಭಾವಾದಿಗಳ ಮೂಲಕ ಧ್ವನಿತವಾಗಬೇಕು ಎಂದು ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಹೇಳಿದನು. ಭಾವಕ್ಕೆ ತಕ್ಕ ವಸ್ತು, ಸನ್ನಿವೇಶ, ಘಟನೆಗಳನ್ನು ಕವಿ ಕಂಡುಕೊಳ್ಳಬೇಕೆಂದು 1919ರಲ್ಲಿ ಹ್ಯಾಮ್ಲೆಟ್ ನಾಟಕವನ್ನು ಕುರಿತು ಬರೆಯುತ್ತ ಟಿ. ಎಸ್. ಎಲಿಯಟ್ಟನು ಹೇಳಿದ್ದೂ ಇದಕ್ಕೆ ಸಮೀಪವಾದ ಮಾತೇ. ಕೆಲವೇ ಪುಟಗಳಲ್ಲಿ ಮುಗಿಯಬೇಕಾದ ಸಣ್ಣಕಥೆಗಂತೂ ಈ ನಿಯಮ ಇನ್ನಷ್ಟು ಅಗತ್ಯ.

ಮಂಗಮ್ಮನ ಸಂಕಟ ದೊಡ್ಡ ಸಂಗತಿಯಿಂದ ಹುಟ್ಟಿದ್ದಲ್ಲ. ಸೊಸೆ ನಂಜಮ್ಮ ಮಗುವನ್ನು ಹೊಡೆದಳು, ಅಜ್ಜಿ ಆಕ್ಷೇಪಿಸಿದಳು, ಮಾತಿಗೆ ಮಾತು ಬೆಳೆದು ಮುದುಕಿ ಬೇರೆಯಾದಳು. ಮಗನೂ ತಾಯಿಯ ಕಡೆಗೆ ನಿಲ್ಲಲಿಲ್ಲ. ಆಗ ಅವಳು ಮಾಡುವುದೇನು? ಮಖಮಲ್ಲಿನ ರವಿಕೆ ತೊಡುತ್ತಾಳೆ. ಈ ವಯಸ್ಸಿನಲ್ಲಿ ಇದೇಕೆಂದು ನೋಡಿದವರಿಗೆ ನಗೆ. ನಮಗೂ ಮೊದಲು ನಗೆಯೇ ಬರುತ್ತದೆ. ಆಮೇಲೆ, ಇನ್ನು ಯಾರಿಗಾಗಿ ಕೂಡಿಡಬೇಕೆಂಬ ಪ್ರಶ್ನೆ ಆ ಬಟ್ಟೆಯ ಹಿಂದೆ ಇದೆಯೆಂದು ಹೊಳೆದಾಗ ನಗೆ ನಿಲ್ಲುತ್ತದೆ.

ಇನ್ನೊಂದು ಕಾಗೆಯ ಪ್ರಸಂಗ. ಮೊಮ್ಮಗನಿಗೆಂದು ಕೊಂಡ ಮಿಠಾಯಿಯ ಪೊಟ್ಟಣವನ್ನು ಕಾಗೆ ಎತ್ತಿಕೊಂಡು ಹೋಗುವಾಗ ಅವಳ ಮೈಗೆ ತಗುಲುತ್ತದೆ. ಕಾಗೆ ಮುಟ್ಟಿದರೆ ಸಾವು ಹತ್ತಿರವೆಂಬುದು ಜನರ ನಂಬಿಕೆ. ಮಂಗಮ್ಮ ನಡುಗಿಹೋಗುತ್ತಾಳೆ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಕಾಗೆ ಇಲ್ಲಿ ಉದ್ದೀಪನವಿಭಾವ, ನಡುಕ ಅನುಭಾವ. ಮಗುವಿನ ಮೇಲಣ ಆಸೆಯೂ ಒಂಟಿಯಾಗಿ ಸಾಯುವ ಭಯವೂ ಒಂದೇ ಪೊಟ್ಟಣದಲ್ಲಿ ಬಂದು ಸೇರಿವೆ. ಆದರೂ ಇದು ತಂದು ಅಂಟಿಸಿದ ಸಂಕೇತವಲ್ಲ. ಬೀದಿಯಲ್ಲಿ ದಿನವೂ ನಡೆಯಬಹುದಾದ ಸಂಗತಿ.

ಮೂರನೆಯ ಉಪಾಯ ನಿರೂಪಣೆಯದು. ಕಥೆಯನ್ನು ಹೇಳುವವಳು ಮೊಸರು ಕೊಳ್ಳುವ ಗೃಹಿಣಿ. ಮಂಗಮ್ಮನ ಮನಸ್ಸಿನೊಳಕ್ಕೆ ಅವಳು ಹೋಗಲಾರಳು. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಬಲ್ಲಳು. ಸೊಸೆಯ ಮಾತಿಗೂ ಅವಳು ಕಿವಿಗೊಡುತ್ತಾಳೆ. ಆದಕಾರಣ ಒಬ್ಬಳನ್ನು ದೂಷಿಸಿ ನಾವು ಹಗುರಾಗುವಂತಿಲ್ಲ. ಇಬ್ಬರಿಗೂ ಬೇಕಾಗಿರುವುದು ಮನೆಯಲ್ಲಿ ತನ್ನ ಮಾತಿಗೆ ಒಂದಷ್ಟು ಬೆಲೆ.

ಕೊನೆಗೆ ಮೊಮ್ಮಗನ ಹಟದಿಂದ ಮನೆ ಒಂದಾಗುತ್ತದೆ. ಅಜ್ಜಿ ಮಗುವಿನೊಡನೆ ಊರಿನಲ್ಲಿ ಉಳಿಯುತ್ತಾಳೆ; ಬುಟ್ಟಿ ಹೊತ್ತು ಪಟ್ಟಣಕ್ಕೆ ಬರುವವಳು ಸೊಸೆ. ತಳಮಳವನ್ನು ವಸ್ತುಗಳ ಮೂಲಕ ಕಾಣಿಸಿದವರು ಸಮಾಧಾನವನ್ನೂ ಹಾಗೆಯೇ ಕಾಣಿಸಿದ್ದಾರೆ. ಇನ್ನು ಮುಂದೆ ಕಥೆಯನ್ನು ಓದುವಾಗ, ಪಾತ್ರದ ದುಃಖವೆಷ್ಟೆಂದು ಕೇಳುವುದಕ್ಕೆ ಮೊದಲು ಅದರ ಕೈಯಲ್ಲಿ ಏನಿದೆ, ತಲೆಯ ಮೇಲೆ ಏನಿದೆ ಎಂಬುದನ್ನು ಗಮನಿಸೋಣ.