ತಳದ ನಾದ

ರಾಜಾಜಿನಗರ, ವಿಜಯನಗರದ ಕಡೆ ರಾಮೋತ್ಸವದ ಕಛೇರಿಗೆ ಸ್ವಲ್ಪ ಮುಂಚೆಯೇ ಹೋದವರು ನೋಡಿರುತ್ತೀರಿ. ಮೃದಂಗದವರು ಚೂರು ರವೆಯನ್ನು ನೀರಿನಲ್ಲಿ ಕಲಸಿ ಎಡಬದಿಯ ತೊಪ್ಪಿಯ ನಡುವೆ ಮೆತ್ತುತ್ತಾರೆ. ತಟ್ಟಿ ನೋಡುತ್ತಾರೆ, ಒಂದಿಷ್ಟು ಕಿತ್ತು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಉಪ್ಪಿಟ್ಟು ಮಾಡುವ ರವೆಯೇ! ಆ ಭಾರ ಇಲ್ಲದಿದ್ದರೆ ಗುಂ ಎನ್ನುವ ನಾದ ಹೊರಡುವುದಿಲ್ಲ.

ಜಾಜ್ ಸಂಗೀತದಲ್ಲಿ ತಳದ ನಾದ ಹಿಡಿಯುವ ಈ ಕೆಲಸ ಡಬಲ್ ಬಾಸ್‌ನದು. ಆಳೆತ್ತರದ ತಂತಿವಾದ್ಯ; ಸಾಮಾನ್ಯವಾಗಿ ಹಿಂದೆ ನಿಂತಿರುತ್ತದೆ. ಹಾಗೆ ಹಿಂದೆ ನಿಂತೇ ಇಡೀ ಮೇಳವನ್ನು ನಡೆಸಿದವರು ಅಮೆರಿಕದ ಸಂಯೋಜಕ ಚಾರ್ಲ್ಸ್ ಮಿಂಗಸ್. 1963ರಲ್ಲಿ ಅವರು 11 ಜನರ ಮೇಳ ಕಟ್ಟಿ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಆಲ್ಬಂ ಮಾಡಿದರು. ಅದಕ್ಕೆ ಟಿಪ್ಪಣಿ ಬರೆದುಕೊಡಿ ಎಂದು ತಮ್ಮ ಮನಶ್ಶಾಸ್ತ್ರಜ್ಞರನ್ನೇ ಕೇಳಿಕೊಂಡ ಆಸಾಮಿ ಅವರು. ಸ್ಯಾಕ್ಸೊಫೋನ್ ವಾದಕರೊಬ್ಬರನ್ನು ಧ್ವನಿಮುದ್ರಣ ಮುಗಿದ ಮೇಲೂ ಕರೆಸಿ, ಇನ್ನಷ್ಟು ನುಡಿಸಿ ಸೇರಿಸಿದರು. ಆ ವಾದಕರ ಹೆಸರು ಚಾರ್ಲಿ ಮರಿಯಾನೊ.

ಇದೇ ಮರಿಯಾನೊ ಮುಂದೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ ಜೊತೆಗೂಡಿದರು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ ಅದು. 1983ರಲ್ಲಿ ಇವರೆಲ್ಲ ಸೇರಿ ಜರ್ಮನಿಯಲ್ಲಿ ‘ಜ್ಯೋತಿ’ ಆಲ್ಬಂ ಧ್ವನಿಮುದ್ರಿಸಿದರು. ಅದನ್ನು ಹೊರತಂದ ಇಸಿಎಂ ಕಂಪನಿಯ ಮನ್‌ಫ್ರೆಡ್ ಐಷರ್ ಕೂಡ ಮೊದಲು ಡಬಲ್ ಬಾಸ್ ನುಡಿಸುತ್ತಿದ್ದವರೇ. ಆದರೂ ‘ಜ್ಯೋತಿ’ಯಲ್ಲಿ ಡಬಲ್ ಬಾಸ್ ಇಲ್ಲ, ಡ್ರಮ್ಸ್ ಇಲ್ಲ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಟಿ.ಎನ್. ಶಶಿಕುಮಾರ್ ಅವರ ಕಂಜೀರ ಇವೆ. ತಳ ಹಿಡಿದು ನಿಲ್ಲಿಸುವುದು ಅದೇ ತೊಪ್ಪಿ.

ಹೊದಿಕೆಯ ಮೇಲೆ ಮೊದಲು ಕಣ್ಣಿಗೆ ಬೀಳುವ ಹೆಸರು ಮರಿಯಾನೊ ಅವರದು. ಒಳಗಿನ ರಚನೆಗಳು ಮಾತ್ರ ಗಾಯಕಿ ಆರ್.ಎ. ರಮಾಮಣಿಯವರವು. ಮಿಂಗಸ್ ಅವರ ಮೇಳದಲ್ಲಿ ಪಳಗಿದವರು ಬೆಂಗಳೂರಿನ ಹೆಣ್ಣುಮಗಳೊಬ್ಬರ ಸಂಗೀತವನ್ನು ಶ್ರದ್ಧೆಯಿಂದ ನುಡಿಸಿದ್ದಾರೆ. ತಾವು ಮುಂದೆ ಬರಬೇಕಿಲ್ಲದ ಕಡೆ ಕೊಳಲು ಹಿಡಿದು ಸುಮ್ಮನೆ ಪಕ್ಕಕ್ಕೆ ಸರಿದಿದ್ದಾರೆ. ನನ್ನ ಮಟ್ಟಿಗೆ ಆ ಆಲ್ಬಂ ರಮಾಮಣಿಯವರದೇ. ನಮ್ಮ ಬಸವೇಶ್ವರನಗರ, ಕೆಂಗೇರಿಯ ಎಷ್ಟು ಮನೆಗಳಲ್ಲಿ ಆ ಹೆಸರು ಗೊತ್ತು ಹೇಳಿ?

ಮರಿಯಾನೊ 2009ರಲ್ಲಿ ತೀರಿಕೊಂಡರು, ಮಣಿಯವರು 2020ರಲ್ಲಿ. ‘ಜ್ಯೋತಿ’ಯನ್ನು ಒಮ್ಮೆ ಹುಡುಕಿ ಕೇಳಿ. ಮೊದಲಿಗೆ ಬರುವುದು ರಮಾಮಣಿಯವರ ಒಂಟಿ ದನಿ. ಪಕ್ಕದಲ್ಲಿ ಕೂತು ಕೇಳಿದವರಿಗೆ, ಇದರ ರಚನೆ ಯಾರದು ಎಂಬುದನ್ನೂ ಹೇಳಿ.